ಹನ್ನೆರಡನೇ ಮನೆಯ ಅಂಗಿ ಗುಂಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಿಟಾರು ತಂದ ದಿನ ಶನಿವಾರ ಎಂದು ನನ್ನ ನೆನಪು. ದಿನಚರಿಯಲ್ಲಿ ಶುಕ್ರವಾರ ಎಂದಿದೆ. ಮಾರಿದವರ ಮನೆಯ ಗೋಡೆ ನೆನಪಿನಲ್ಲಿ ಹಸಿರು, ದಿನಚರಿಯಲ್ಲಿ ತಿಳಿನೀಲಿ. ಇಂಥ ತಪ್ಪುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ನಾನು ಒಂಬತ್ತು ವರ್ಷದವಳಿದ್ದಾಗ ಹೇಳಿದ ಒಂದು ಮಾತಿನಿಂದ ಒಬ್ಬರ ಕೆಲಸ ಹೋಯಿತು. ಆ ಮಾತು ನಿಜವಾಗಿತ್ತೇ ಎಂದು ಈಗ, ನಲವತ್ತೆರಡನೇ ವಯಸ್ಸಿನಲ್ಲಿ, ಒಂದು ಹಳೆಯ ಬೇಸ್ ಗಿಟಾರಿನ ಕಾರಣಕ್ಕೆ ಅನುಮಾನ ಹುಟ್ಟಿದೆ. ಹಾಗಾಗಿ ಗೊತ್ತಿರುವುದನ್ನೂ ಗೊತ್ತಿದೆ ಎಂದುಕೊಂಡಿರುವುದನ್ನೂ ಬೇರೆಬೇರೆ ಇಟ್ಟು ಬರೆಯಲು ನೋಡುತ್ತೇನೆ.

ಮೈಸೂರಿನಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ನಾಲ್ವರು ಸೇರಿ ಒಂದು ಬ್ಯಾಂಡು ಕಟ್ಟಿದ್ದೆವು. ಹಾಡಲು ಇಬ್ಬರು ಜಗಳವಾಡಿದರು, ಡ್ರಮ್ಮಿಗೆ ಒಬ್ಬಳು ಸಿಕ್ಕಿದಳು. ಬೇಸ್ ಗಿಟಾರು ಯಾರಿಗೂ ಬೇಡವಾಗಿತ್ತು, ಅದು ನನ್ನ ಪಾಲಿಗೆ ಬಂತು. ನಾಲ್ಕೇ ತಂತಿ, ಉದ್ದನೆಯ ಕತ್ತು, ಹೆಗಲು ನೋಯಿಸುವ ಭಾರ. ಕೇಳುವವರು ಅದರ ಕಡೆ ಕಿವಿ ಕೊಡುವುದಿಲ್ಲ. ಡ್ರಮ್ಮಿನ ಜೊತೆ ಸೇರಿ ಅದು ಹಾಡಿನ ಅಡಿಯಲ್ಲಿ ಎಲ್ಲೋ ನಡೆಯುತ್ತಿರುತ್ತದೆ. ಆಗ ನುಡಿಸಿದ್ದು ಎರವಲು ತಂದ ವಾದ್ಯ. ಹಳೆಯ ಮಾದರಿಯದು: ಮೈಗೆ ಎರಡು ಕೊಂಬು, ನಡುವೆ ಜೇನಿನ ಬಣ್ಣ, ಅಂಚಿಗೆ ಬರುತ್ತಾ ಕಪ್ಪು. ಓದು ಮುಗಿಯಿತು, ಗಿಟಾರು ಅದರ ಒಡೆಯನಿಗೆ ಹೋಯಿತು, ನಾನು ಆಲೂರಿಗೆ ಬಂದು ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಕೆ. ಹೊಸಕೋಟೆ ಕಡೆಯ ನಮ್ಮ ತೋಟದ ಮನೆಯಲ್ಲಿ ಈಗ ಅಮ್ಮ ಮತ್ತು ನಾನು. ಅಪ್ಪ ಹೋಗಿ ಆರು ವರ್ಷವಾಯಿತು.

ಕಳೆದ ನವೆಂಬರಿನಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. "ಹಳೇ ಬೇಸ್ ಗಿಟಾರ್, ಕ್ಲಾಸಿಕ್ ಮಾಡೆಲ್, ಎಲ್ಲ ಒರಿಜಿನಲ್, ರೋಸ್‌ವುಡ್ ಬೋರ್ಡ್, ಸಕಲೇಶಪುರ." ಫೋಟೋದಲ್ಲಿ ಅದೇ ಎರಡು ಕೊಂಬು, ಅದೇ ಜೇನಿನ ಬಣ್ಣ.

ಮೊದಲು ಬಂದದ್ದು ಆಸೆಯಲ್ಲ, ಸಂಶಯ. ಸಕಲೇಶಪುರದಲ್ಲಿ ಹಳೇ ಜೀಪು ಸಿಗುತ್ತದೆ, ಕಾಫಿ ಹಣ್ಣು ಸುಲಿಯುವ ಹಳೇ ಪಲ್ಪರ್ ಸಿಗುತ್ತದೆ. ಬೇಸ್ ಗಿಟಾರು ಎಲ್ಲಿಂದ ಬಂತು? ಹೊಸ ಗಿಟಾರನ್ನೇ ಮರಳು ಕಾಗದದಲ್ಲಿ ಉಜ್ಜಿ, ಲೋಹದ ಭಾಗಗಳಿಗೆ ತುಕ್ಕು ಹಿಡಿಸಿ ಹಳೆಯದೆಂದು ಮಾರುತ್ತಾರೆ ಎಂದು ಓದಿದ್ದೆ. ಹೊರಡುವ ಮೊದಲು ಪರೀಕ್ಷೆ ಮಾಡಬೇಕಾದ ಹದಿಮೂರು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಆ ಚೀಟಿ ಈಗಲೂ ದಿನಚರಿಯೊಳಗಿದೆ.

ಲಾರಿ ಬಿಡಿಭಾಗದ ಅಂಗಡಿಯ ಹಿಂದೆ ಅವರ ಮನೆ. ಅರವತ್ತೈದು ದಾಟಿದ ಮನುಷ್ಯ, ಬಿಳಿ ಟೋಪಿ, ಬಿಸಿಲಿನಲ್ಲೂ ಸ್ವೆಟರು. ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಯಜಮಾನ್ರು ಬರ್ಲಿಲ್ವಾ ಮೇಡಂ?"

"ಬಾರಿಸೋದು ನಾನೇ."

"ಹೌದಾ! ಬನ್ನಿ ಬನ್ನಿ, ಕೂತ್ಕಳಿ."

ಗಿಟಾರು ಅವರ ಅಣ್ಣನದು. ಅಣ್ಣ ಒಂದು ಕಾಲಕ್ಕೆ ಆರ್ಕೆಸ್ಟ್ರಾ ನಡೆಸುತ್ತಿದ್ದವರು, ಗಣಪತಿ ಪೆಂಡಾಲು, ಮದುವೆ, ಕ್ಲಬ್ಬು ಎಲ್ಲ ಕಡೆ ನುಡಿಸಿದ್ದವರು. ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ನಾನು ವಿಷಾದ ಹೇಳಿ, ಚೀಟಿ ತೆಗೆದು, ಗಿಟಾರಿನ ತಲೆಯನ್ನು ಮೂಗಿನ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ಕತ್ತು ನೇರವಿದೆಯೇ ಎಂದು ನೋಡಿದೆ. ನೇರವಿರಲಿಲ್ಲ. ಕೊನೆಯ ಕಡೆ ಸಣ್ಣ ತಿರುಚು ಇತ್ತು. ತಂತಿ ಬಿಗಿಯುವ ಕಿವಿಗಳನ್ನು ತಿರುಗಿಸಿದೆ, ತುಕ್ಕನ್ನು ಉಗುರಿನಲ್ಲಿ ಕೆರೆದೆ, ಕತ್ತು ಮೈಗೆ ಸೇರುವಲ್ಲಿ ನಾಲ್ಕು ಸ್ಕ್ರೂ ಇರುತ್ತವಲ್ಲ, ಅವನ್ನು ಬಿಚ್ಚಿ ತೋರಿಸಿ ಎಂದೆ.

"ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ ಮೇಡಂ" ಎಂದರು.

ಒಳಗಿನಿಂದ ಅವರ ಹೆಂಡತಿಯ ಧ್ವನಿ: "ಅಯ್ಯೋ, ಇವ್ರೇನು ಕಮ್ಮಿ ನೋಡಿದ್ರಾ! ನನ್ನನ್ನ ಎದ್ದು ನಡ್ದು ತೋರ್ಸು ಅಂದಿದ್ರು."

ಅವರು ನಕ್ಕು ಸ್ಕ್ರೂಡ್ರೈವರ್ ತಂದುಕೊಟ್ಟರು. ನನಗೇ ನಾಚಿಕೆಯಾಗಿ ಬಿಚ್ಚಲಿಲ್ಲ. ಆದರೆ ಕತ್ತಿನ ಮೇಲೆ ಬೆರಳು ಒತ್ತುವ ಕಪ್ಪು ಹಲಗೆಯಲ್ಲಿ ನನಗೆ ಬೇಕಾದದ್ದು ಸಿಕ್ಕಿಬಿಟ್ಟಿತು. ಆ ಹಲಗೆಯಲ್ಲಿ ಗುರುತಿಗೆಂದು ಅಲ್ಲಲ್ಲಿ ಬಿಳಿ ಚುಕ್ಕೆ ಕೂರಿಸಿರುತ್ತಾರೆ. ಇದರಲ್ಲಿ ಚುಕ್ಕೆಯ ಜಾಗದಲ್ಲಿ ಗುಂಡಿಗಳಿದ್ದವು. ಅಂಗಿಯ ಗುಂಡಿ. ದಾರ ಪೋಣಿಸುವ ತೂತಿಗೆ ಕಪ್ಪು ಮೇಣ ತುಂಬಿದ್ದರು.

"ಎಲ್ಲ ಒರಿಜಿನಲ್ ಅಂತ ಹಾಕಿದೀರಿ?"

"ಹೌದಲ್ಲಾ! ನಮ್ಮಣ್ಣ ಹೆಂಗೆ ಬಿಟ್ಟೋಗವ್ನೋ ಹಂಗೇ ಐತೆ. ಒಂದು ಸ್ಕ್ರೂ ಮುಟ್ಟಿಲ್ಲ ನಾನು. ಒರಿಜಿನಲ್ ಅಂದ್ರೆ ಅದೇ ತಾನೆ?"

ಅವರ ಮುಖದಲ್ಲಿ ಕಪಟ ಹುಡುಕಿದೆ, ಸಿಗಲಿಲ್ಲ. ಕಪಟ ಕಾಣದಿದ್ದರೆ ಇನ್ನೂ ಹೆಚ್ಚು ಅನುಮಾನಪಡುವುದು ನನ್ನ ಸ್ವಭಾವ. ಅವರು ಮಾತ್ರ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಒಂದು ಮಳೆಗಾಲದಲ್ಲಿ ಮೂಲ ಹಲಗೆಯ ಅಂಟು ಬಿಟ್ಟು ಎದ್ದು ಬಂದಿತ್ತಂತೆ. ಹಾಸನದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರು ಹೊಸ ಹಲಗೆ ಕೂರಿಸಿಕೊಟ್ಟರಂತೆ.

"ಯಾವಾಗ?"

"ನಮ್ಮ ದೊಡ್ಡ ಮಗಳು ಹುಟ್ಟಿದ ಮಳೆಗಾಲ. ಈಗ ಅವಳಿಗೆ ಮೂವತ್ಮೂರು. ಇಲ್ಲಿ ನೋಡಿ, ಹನ್ನೆರಡನೇ ಮನೇಲಿ ಎರಡು ಗುಂಡಿ ಐತೆ. ಒಂದಕ್ಕೆ ಎರಡು ತೂತು, ಪಕ್ಕದ್ದಕ್ಕೆ ನಾಕು. ಒಂದು ಗುಂಡಿ ಕಮ್ಮಿ ಬಿದ್ದು ಅಲ್ಲಿದ್ದೋರ ಯಾರದೋ ಅಂಗಿಂದು ಕಿತ್ತು ಹಾಕಿದ್ರಂತೆ."

"ಮನೆ ಅಂದ್ರೆ?"

"ಇದೇ, ಈ ಗೆರೆಗೂ ಆ ಗೆರೆಗೂ ನಡುವೆ ಇರೋ ಜಾಗ. ಅಣ್ಣ ಮನೆ ಅಂತಿದ್ದ. ಅವನ ಆರ್ಕೆಸ್ಟ್ರಾದಲ್ಲಿ ಎಲ್ಲರೂ ಹಂಗೇ ಅನ್ನೋರು."

ನಾನು ಕಲಿತಾಗ ಅದು ಫ್ರೆಟ್. ಮೈಸೂರಿನಲ್ಲಾಗಲಿ ಬೇರೆಲ್ಲಾಗಲಿ ಮನೆ ಎಂದದ್ದನ್ನು ಕೇಳಿರಲಿಲ್ಲ. ಚೀಟಿಯ ಹಿಂಭಾಗದಲ್ಲಿ ಬರೆದುಕೊಂಡೆ.

"ಮರ ಎಲ್ಲಿಂದು?"

"ರೋಸ್‌ವುಡ್ಡು. ಅಣ್ಣನ ದೋಸ್ತ್ ಒಬ್ರು ತಂದುಕೊಟ್ಟಿದ್ದಂತೆ. ಆಲೂರು ಕಡೆ ತೋಟದೋರು."

ನಾನು ಆಲೂರಿನಿಂದ ಬರುತ್ತೇನೆಂದು ಫೋನಿನಲ್ಲೇ ಹೇಳಿದ್ದೆ. ಇದು ಗಿರಾಕಿಯನ್ನು ಒಲಿಸುವ ವ್ಯಾಪಾರದ ಮಾತು ಎಂದುಕೊಂಡೆ. ಅಲ್ಲೇ ಇದ್ದ ಅವರ ಅಣ್ಣನ ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದಾಗ ಷೋಕೇಸಿನ ಗಾಜು ಗುಂಯ್ ಎಂದಿತು. ಹದಿನಾಲ್ಕು, ಹದಿನೈದನೇ ಮನೆಗೆ ಹೋದಾಗ ಮಾತ್ರ ತಂತಿ ಲೋಹಕ್ಕೆ ತಾಗಿ ಜರ್ ಎಂದು ಒದರಿತು. ಆ ತಿರುಚಿನಿಂದಾಗಿಯೇ. ಅದನ್ನು ಹಿಡಿದುಕೊಂಡು ಬೆಲೆ ಇಳಿಸಿದೆ. ಅವರು ಬೇಗ ಒಪ್ಪಿದರು, ಅದೂ ನನಗೆ ಸರಿಬರಲಿಲ್ಲ. ಹೊರಡುವಾಗ ಅವರು ಗಿಟಾರಿನ ಚೀಲದ ಜಿಪ್ಪನ್ನು ತಾವೇ ಎಳೆದು, ಮೇಲಿನಿಂದ ಎರಡು ಸಲ ತಟ್ಟಿ ಕೊಟ್ಟರು. ಆಗ ಮಾತ್ರ ಅವರ ಬಗ್ಗೆ ನನ್ನ ಅನುಮಾನ ಸ್ವಲ್ಪ ಕರಗಿತು.

ಮನೆಗೆ ತಂದು ಊಟದ ಮೇಜಿನ ಮೇಲೆ ಮಲಗಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಸುತ್ತ ನೋಡಿದರು. ಮೈ ನೋಡಿ "ಬಣ್ಣ ಚೆನ್ನಾಗೈತೆ" ಎಂದರು. ಕತ್ತಿನ ಹಲಗೆಯ ಮೇಲೆ ಬೆರಳು ಇಟ್ಟರು.

"ಇದ್ಯಾವ ಮರ?"

"ರೋಸ್‌ವುಡ್."

"ಹಂಗಂದ್ರೆ?"

"ರೋಸ್‌ವುಡ್ ಅಂದ್ರೆ..." ಎಂದು ಶುರು ಮಾಡಿ ನಾನು ನಿಂತೆ. ಇದು ನಂಬುವ ಮಾತಲ್ಲ, ಆದರೆ ನಿಜ: ಅಲ್ಲಿಯವರೆಗೆ ಆ ಎರಡು ಪದಗಳು ನನ್ನೊಳಗೆ ಒಂದನ್ನೊಂದು ಕಂಡಿರಲಿಲ್ಲ. ರೋಸ್‌ವುಡ್ ಎನ್ನುವುದು ಗಿಟಾರಿನ, ಅಂಗಡಿಯ, ಮೈಸೂರಿನ ಪದ. ಇನ್ನೊಂದು ನಮ್ಮ ಮನೆಯದು, ಅದೂ ಯಾರೂ ಜೋರಾಗಿ ಹೇಳದ ಪದ.

"ಬೀಟೆ" ಎಂದೆ.

ಅಮ್ಮ ಬೆರಳು ತೆಗೆದರು. ಹೋಗಿ ಮುಂಬಾಗಿಲು ಹಾಕಿಕೊಂಡು ಬಂದರು. ಮಧ್ಯಾಹ್ನ ಎರಡು ಗಂಟೆ. ಅಂಗಳದಲ್ಲಿ ಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

"ಅಮ್ಮಾ, ಇದು ಗಿಟಾರು."

"ಗಿಟಾರಾದ್ರೇನು, ಮರ ಮರಾನೇ. ಆ ಮರದ್ದು ಒಂದು ಸೌಟಿನ ಹಿಡಿ ಕೂಡ ಈ ಮನೇಲಿ ಇರಬಾರದು ಅಂತ ನಿಮ್ಮಪ್ಪ ಹೇಳಿರ್ಲಿಲ್ವಾ?"

ಹೇಳಿದ್ದರು. ನಮ್ಮ ಕಡೆ ತೋಟ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. ಬೀಟೆ ನಿಮ್ಮ ಬೇಲಿಯೊಳಗೆ ಹುಟ್ಟಿರಬಹುದು, ನಿಮ್ಮ ಕಾಫಿಗೆ ನೆರಳು ಕೊಡಬಹುದು, ಆದರೆ ಅದು ನಿಮ್ಮದಲ್ಲ, ಸರ್ಕಾರದ್ದು ಎಂದು ಅಪ್ಪ ಹೇಳುತ್ತಿದ್ದರು. ಕಡಿಯುವಂತಿಲ್ಲ, ತಾನಾಗಿ ಬಿದ್ದರೂ ತಿಳಿಸಬೇಕು. ನನ್ನ ಒಂಬತ್ತನೇ ವರ್ಷದ ಜೂನ್ ಗಾಳಿಯಲ್ಲಿ ನಮ್ಮ ತೋಟದ ಕೆಳಗಡೆ, ರಸ್ತೆಯ ಪಕ್ಕ, ಅಂಥದೊಂದು ಮರ ಬಿತ್ತು. ಅಪ್ಪ ತಿಳಿಸಿದರು. ಅರಣ್ಯ ಇಲಾಖೆಯವರು ಬಂದು ತುಂಡು ಮಾಡಿಸಿ, ಅಳೆದು, ಪ್ರತಿ ತುಂಡಿಗೂ ಸುತ್ತಿಗೆಯ ಮುದ್ರೆ ಒತ್ತಿ ನಂಬರ್ ಬರೆದು, ಲಾರಿ ಬರುವವರೆಗೆ ಮುಟ್ಟಬೇಡಿ ಎಂದು ಹೋದರು. ಲಾರಿ ಬಂದಾಗ ಒಂದು ತುಂಡು ಇರಲಿಲ್ಲ. ಚಿಕ್ಕದು, ಕೊನೆಯದು, ಒಬ್ಬರು ಹೆಗಲ ಮೇಲೆ ಹೊರಬಹುದಾದದ್ದು.

ಅಪ್ಪ ಕಚೇರಿಗೆ ಅಲೆದು ಸುಸ್ತಾದರು. ಕದ್ದವರು ಯಾರೆಂದು ಹೇಳದಿದ್ದರೆ ಕಳ್ಳತನ ಅಪ್ಪನ ತಲೆಗೇ ಬರುವಂತಿತ್ತು. ಆಗ ನಾನು ಹೇಳಿದೆ: ರೈಟರ್ ಗೋಣಿಚೀಲದಲ್ಲಿ ಉದ್ದನೆಯದು ಏನೋ ಹೊತ್ತುಕೊಂಡು ರಸ್ತೆ ಕಡೆ ಹೋದದ್ದನ್ನು ನೋಡಿದೆ.

ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರು. ನಮ್ಮ ರೈಟರ್ ತೋಟದ ಸಾಮಾನು ಇಡುವ ಸ್ಟೋರಿನ ಪಕ್ಕದ ಕೋಣೆಯಲ್ಲಿ ಹೆಂಡತಿಯೊಡನೆ ಇದ್ದರು. ತುಂಡು ಪೆನ್ಸಿಲುಗಳನ್ನು ನನಗೆಂದು ಎತ್ತಿಡುತ್ತಿದ್ದರು, ತಮಾಷೆಗೆ ನನ್ನನ್ನು "ಸಣ್ಣಮ್ಮಾವ್ರು" ಎಂದು ಕರೆಯುತ್ತಿದ್ದರು. ಅವತ್ತು ಜ್ವರ ಬಂದು ಮಲಗಿದ್ದೆ ಎಂದು ಹೇಳಿದರು. ಹೆಂಡತಿಯೂ ಅದನ್ನೇ ಹೇಳಿದಳು. ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ಎಲ್ಲರೂ ಅಂದರು. ಪೊಲೀಸಿನವರೆಗೆ ಹೋಗಲಿಲ್ಲ; ಅಪ್ಪ ಏನೋ ಮಾಡಿ ಮುಗಿಸಿದರು, ರೈಟರ್ ಕೆಲಸ ಬಿಟ್ಟು ಹೋಗಬೇಕೆಂದಾಯಿತು. ಟ್ರಂಕು ಜೀಪಿಗೆ ಏರಿಸಿದ ಮೇಲೆ ಅವರು ನನ್ನ ಹತ್ತಿರ ಬಂದರು. "ಸಣ್ಣಮ್ಮಾವ್ರೇ, ಸರಿಯಾಗಿ ನೋಡಿದ್ರಾ?" ಎಂದರು. ನಾನು ತಲೆ ಆಡಿಸಿದೆ. ಹೌದು ಎನ್ನುವ ಹಾಗೆ.

ಇಷ್ಟನ್ನು ನಾನು ಎಂದೂ ಮರೆತಿರಲಿಲ್ಲ, ಹಾಗೆಯೇ ಎಂದೂ ಅನುಮಾನಿಸಿರಲಿಲ್ಲ. ನೋಡಿದ್ದೆನಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ, ಕುಂದೂರಿನ ಹತ್ತಿರ ಅವರ ಪಾಲಿನ ತೋಟವಿದೆ. ಅರವತ್ತೆಂಟು ವಯಸ್ಸು, ಇವತ್ತಿಗೂ ಬೈಕಿನಲ್ಲೇ ಓಡಾಟ. ನನ್ನನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಆಲೂರಿಗೆ ಕರೆದೊಯ್ದು ಬನ್ನು ಕೊಡಿಸಿದವರು, ಓದಲು ಮೈಸೂರಿಗೆ ಕಳಿಸುವಂತೆ ಅಪ್ಪನನ್ನು ಒಪ್ಪಿಸಿದವರು. ನಾನು ಅವರ ಮೇಲೆ ಎಂದೂ ಸಂಶಯಪಟ್ಟವಳಲ್ಲ.

"ಏನೋ ಗಿಟಾರ್ ತಂದಿದಿಯಂತೆ ಮಗಾ? ನಿಮ್ಮವ್ವ ಫೋನಲ್ಲಿ ಅಳ್ತಿದ್ಲು. ಫಾರೆಸ್ಟ್‌ನೋರು ಬಂದು ಮಗಳನ್ನ ಎಳ್ಕೊಂಡ್ ಹೋಗ್ಬುಡ್ತಾರೆ ಅಂತ."

"ನಾನ್ಯಾಕೆ ಅಳ್ಳಿ? ಆ ಮರ ಮನೆಯೊಳಕ್ಕೆ ಬಂದೈತೆ ಅಂದೆ ಅಷ್ಟೆ" ಎಂದರು ಅಮ್ಮ.

"ಏ ಸುಮ್ನಿರು ಅತ್ತಿಗೆ. ಅಂಗೈ ಅಗಲದ ಹಲಗೆಗೆ ಯಾರ್ ಬರ್ತಾರೆ ಮಾರಾಯ್ತಿ. ಬೇಕಾದ್ರೆ ಮೇಲೊಂದು ನಂಬರ್ ಬರ್ದುಬುಡು, ಸರ್ಕಾರಿ ಗಿಟಾರು ಅಂತ."

ನಾವು ನಕ್ಕೆವು. ನಾನು ಕಾಫಿ ತಂದುಕೊಟ್ಟು, ನನ್ನ ವ್ಯಾಪಾರದ ಕಥೆ ಹೇಳಿದೆ: ಮಾರಿದವರು ಎಲ್ಲ ಒರಿಜಿನಲ್ ಎಂದದ್ದು, ಚುಕ್ಕೆಯ ಬದಲು ಅಂಗಿ ಗುಂಡಿ ಇದ್ದದ್ದು. ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕರು.

"ಅದ್ರಲ್ಲೂ ಹನ್ನೆರಡನೇ ಮನೇದು ಒಂದು ನಾಕ್ ತೂತಿಂದು! ಜೋಡಿ ಸಿಗದೆ..."

ಅಲ್ಲಿಗೆ ನಿಲ್ಲಿಸಿ ಕಾಫಿ ಕುಡಿದರು. ಆಮೇಲೆ ಮೆಣಸಿನ ಬಳ್ಳಿಗೆ ಬಂದ ರೋಗದ ಮಾತು ಬಂತು. ಅವರು ಹೋದ ಮೇಲೆ, ಲೋಟ ತೊಳೆಯುವಾಗ, ಕೈಗೆ ನೀರು ಬೀಳುತ್ತಿದ್ದಂತೆ ನನಗೆ ಹೊಳೆಯಿತು. ಗಿಟಾರು ಚೀಲದಲ್ಲಿತ್ತು. ಜಿಪ್ಪು ಎಳೆದಿತ್ತು. ನಾಲ್ಕು ತೂತಿನ ಗುಂಡಿಯ ಮಾತನ್ನು ನಾನು ಹೇಳಿರಲಿಲ್ಲ. ಮನೆ ಎಂಬ ಪದವನ್ನಂತೂ ಹೇಳಿರಲೇ ಇಲ್ಲ.

ನಿಜವಾಗಿ ಹೇಳಿರಲಿಲ್ಲವೇ? ಅವತ್ತಿನ ದಿನಚರಿ ತೆಗೆದು ನೋಡಿದೆ. "ಚಿಕ್ಕಪ್ಪ ಬಂದಿದ್ದರು. ಗಿಟಾರು ತೋರಿಸಲಾಗಲಿಲ್ಲ, ಹೊತ್ತಾಯಿತೆಂದು ಹೊರಟರು" ಎಂದು ಬರೆದಿದ್ದೇನೆ. ಆದರೆ ಇದನ್ನು ಬರೆದದ್ದು ಹೊಳೆದ ಮೇಲೆ. ಅನುಮಾನ ಬಂದ ಮೇಲೆ ಬರೆದದ್ದು ಸಾಕ್ಷಿಯಾಗುವುದಿಲ್ಲ. ನಾನು ಕಾಫಿ ಮಾಡಲು ಒಳಗೆ ಹೋದಾಗ ಅವರು ಚೀಲ ತೆಗೆದು ನೋಡಿ ಮುಚ್ಚಿಟ್ಟಿರಬಹುದು. ಅಮ್ಮನನ್ನು ಕೇಳಿದೆ. "ನಾನು ಇಲ್ಲೇ ಕೂತಿದ್ನಲ್ಲ, ಮುಟ್ಟಿಲ್ಲ ಅವನು" ಎಂದರು. ಅಮ್ಮನಿಗೂ ಎಪ್ಪತ್ತೆರಡು. ಗುಂಡಿಯನ್ನು ಹೀಗೆ ನೋಡಿರಬಹುದೆಂದು ಒಪ್ಪಿದರೂ ಪದ ಉಳಿಯುತ್ತದೆ. ಗಿಟಾರನ್ನು ನೋಡಿದ ಮಾತ್ರಕ್ಕೆ ಅದಕ್ಕೆ ಮನೆ ಎನ್ನುತ್ತಾರೆಂದು ತಿಳಿಯುವುದಿಲ್ಲ. ಆ ಆರ್ಕೆಸ್ಟ್ರಾದವರ ಜೊತೆ ಕೂತವರಿಗೆ ಮಾತ್ರ ಗೊತ್ತಾಗುವ ಪದ ಅದು.

"ಚಿಕ್ಕಪ್ಪನಿಗೆ ಆರ್ಕೆಸ್ಟ್ರಾದೋರು ಗೊತ್ತಿದ್ರಾ ಅಮ್ಮ?"

"ಗೊತ್ತಿದ್ರಾ ಅಂತೀಯಲ್ಲ! ಮದುವೆಗೆ ಮುಂಚೆ ಅವನು ಮನೇಲಿದ್ದಿದ್ದು ಯಾವಾಗ? ಸಕಲೇಶಪುರದಲ್ಲೇ ಬಿದ್ದಿರೋನು. ಸ್ಟೇಜ್ ಹತ್ತಿ ಹಾಡಿಸ್ತಾರೆ ಅಂತ ಅವರ ಹಿಂದೆ ಹಿಂದೆ. ಒಂದಿನಾನೂ ಹಾಡಿಸ್ಲಿಲ್ಲ ಪಾಪ."

ಮಾರಿದವರಿಗೆ ಫೋನ್ ಮಾಡಿದೆ. ಮರ ತಂದುಕೊಟ್ಟ ದೋಸ್ತ್ ಯಾರು?

"ಹೆಸರು ನಂಗೊತ್ತಿಲ್ಲ ಮೇಡಂ. ಅಣ್ಣ ಸಣ್ಣ ಸಾಹುಕಾರ್ರು ಅಂತ ಕರೀತಿದ್ದ. ಯಾಕೆ, ಗಿಟಾರ್ ಸರಿ ಇಲ್ವಾ?"

"ಸರಿ ಇದೆ."

"ವಾಪಸ್ ಮಾತ್ರ ತಗೊಳ್ಳಲ್ಲ ನೋಡಿ. ಮನೇಲಿ ಜಾಗ ಇಲ್ಲ."

ಚಿಕ್ಕಪ್ಪನನ್ನು ನಮ್ಮ ತೋಟದ ಲೈನ್ ಮನೆಗಳಲ್ಲಿದ್ದ ಆಳುಗಳು ಸಣ್ಣ ಸಾಹುಕಾರ್ರು ಎಂದೇ ಕರೆಯುತ್ತಿದ್ದರು. ಆದರೆ ಅಣ್ಣತಮ್ಮಂದಿರಿರುವ ಯಾವ ತೋಟದಲ್ಲಿ ಒಬ್ಬ ಸಣ್ಣ ಸಾಹುಕಾರ ಇಲ್ಲ? ಇದನ್ನೂ ದಿನಚರಿಯಲ್ಲಿ ಎರಡು ಕಾಲಂ ಮಾಡಿ ಬರೆದೆ. ಒಂದು ಕಡೆ ಹೌದು ಎನ್ನುವವು, ಇನ್ನೊಂದು ಕಡೆ ಅಲ್ಲ ಎನ್ನುವವು. ಅಲ್ಲ ಎನ್ನುವ ಕಡೆ ಮೊದಲು ಬರೆದದ್ದು ಮರದ ವಿಷಯ: ಜೂನಿನಲ್ಲಿ ಬಿದ್ದ ಬೀಟೆಯನ್ನು, ಮಾರಿದವರ ಮಗಳು ಹುಟ್ಟಿದ ಅದೇ ಮಳೆಗಾಲದಲ್ಲಿ ಹಲಗೆ ಮಾಡಿದರೆ ಅದು ಹಸಿ ಮರ, ಒಣಗುತ್ತಾ ತಿರುಚಿಕೊಳ್ಳುತ್ತದೆ; ಯಾವ ಕಸುಬುದಾರನೂ ಹಾಕುವುದಿಲ್ಲ. ಬರೆದು ಮುಗಿಸಿ, ಗಿಟಾರು ತೆಗೆದು, ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ಮತ್ತೆ ನೋಡಿದೆ. ಆ ತಿರುಚು ಅಲ್ಲೇ ಇತ್ತು. ನಾನು ಬೆಲೆ ಇಳಿಸಲು ಬಳಸಿಕೊಂಡ ತಿರುಚು. ಆ ಸಾಲನ್ನು ಹೊಡೆದು ಹಾಕಿ ಹೌದು ಎನ್ನುವ ಕಾಲಂಗೆ ಬರೆದೆ.

ಇಷ್ಟಾದರೂ ನಾನು ನೋಡಿದ್ದೆನಲ್ಲ ಎಂಬುದೊಂದು ಉಳಿದಿತ್ತು. ಏನು ನೋಡಿದೆ? ಕೂತು ನೆನಪಿಸಿಕೊಳ್ಳಲು ನೋಡಿದೆ. ಸ್ಟೋರಿನ ಹಿಂದಿನ ಪೇರಲೆ ಮರದ ಕೊಂಬೆ, ನಾನು ಅದರ ಮೇಲೆ. ಹನಿ ಮಳೆ. ಕೆಳಗಿನ ದಾರಿಯಲ್ಲಿ ತಲೆಯಿಂದ ಮಂಡಿಯವರೆಗೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಂದು ಬೆನ್ನು. ಹೆಗಲ ಮೇಲೆ ಗೋಣಿ. ಕೊಪ್ಪೆಯ ಕೆಳಗೆ ಕಪ್ಪು ಗಂಬೂಟು. ರಕ್ತ ಹೀರುವ ಇಂಬಳಕ್ಕೆ ಹೆದರಿ ರೈಟರ್ ಗಂಬೂಟು ಹಾಕುತ್ತಿದ್ದರು. ತೋಟದಲ್ಲಿ ಇದ್ದದ್ದೇ ಆ ಒಂದು ಜೊತೆ. ಮುಖ ಕಂಡ ನೆನಪಿಲ್ಲ. ಬೂಟು ಕಂಡಿತು, ಬೂಟು ರೈಟರದು. ಆ ಬೂಟನ್ನು ಅವರು ಬಿಚ್ಚಿಡುತ್ತಿದ್ದದ್ದು ಸ್ಟೋರಿನ ಬಾಗಿಲಲ್ಲಿ. ಯಾರು ಬೇಕಾದರೂ ಕಾಲು ತೂರಿಸಿಕೊಂಡು ಹೋಗಬಹುದಿತ್ತು ಎಂಬುದು ಒಂಬತ್ತು ವರ್ಷದ ತಲೆಗೆ ಹೊಳೆಯಲಿಲ್ಲ. ಆಮೇಲಿನ ಮೂವತ್ತಮೂರು ವರ್ಷದಲ್ಲೂ ಹೊಳೆಯಲಿಲ್ಲ, ಅದಕ್ಕೆ ವಯಸ್ಸಿನ ನೆಪ ಹೇಳುವಂತಿಲ್ಲ.

ಹಾಗಾದರೆ "ರೈಟರ್" ಎಂದು ಹೇಗೆ ಹೇಳಿದೆ? ಆ ದೃಶ್ಯ ನನಗೆ ಸ್ಪಷ್ಟವಾಗಿದೆ, ಅಥವಾ ಸ್ಪಷ್ಟವಾಗಿದೆ ಎಂದುಕೊಂಡಿದ್ದೆ. ಹಜಾರದಲ್ಲಿ ಅಪ್ಪ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಹಿಡಿದುಕೊಂಡು ಕೇಳುತ್ತಿದ್ದಾರೆ: ಏನು ನೋಡಿದೆ ಹೇಳು ಮಗಾ, ಹೆದರಬೇಡ. ನಾನು ಹೇಳುತ್ತೇನೆ. ಅಮ್ಮನಿಗೆ ಇದನ್ನು ಹೇಳಿ, ಹೀಗೇ ಅಲ್ಲವೇ ಎಂದು ಕೇಳಿದೆ.

"ನಿಮ್ಮಪ್ಪ ಎಲ್ಲಿದ್ರು ಆಗ? ಮೂರು ದಿನ ಹಾಸನದಲ್ಲೇ ಇದ್ರಲ್ಲ, ಕಚೇರಿ ಅಲ್ಕೊಂಡು. ಬಂದ ಮೇಲೆ ನಾವೇ ಹೇಳಿದ್ದು ಅವರಿಗೆ, ಕೂಸು ಹಿಂಗೆ ಹೇಳೈತೆ ಅಂತ."

"ಮತ್ತೆ ನನ್ನ ಕೇಳಿದ್ದು ಯಾರು?"

"ನಿಮ್ಮ ಚಿಕ್ಕಪ್ಪ ಕಣೆ. ಅವನು ಕೇಳಿದ್ರೆ ಹೇಳ್ತೀಯ ನೀನು, ಅವನನ್ನ ಅಷ್ಟು ಹಚ್ಚಿಕೊಂಡಿದ್ದೆ ಅಂತ."

ಅಂದರೆ ನನ್ನ ಎರಡು ಕೈ ಹಿಡಿದಿದ್ದವರು ಅಪ್ಪನಲ್ಲ. ನಾನು ಅಪ್ಪನ ಮುಖವನ್ನು ಅಲ್ಲಿ ಆಮೇಲೆ ಅಂಟಿಸಿಕೊಂಡಿದ್ದೆ, ಆ ಹಾರ್ಮೋನಿಯಂ ರಿಪೇರಿಯವರು ಗುಂಡಿ ಕೂರಿಸಿದ ಹಾಗೆ. ಮುಖ ಬದಲಾದ ಮೇಲೆ ಮಾತೂ ಬೇರೆಯಾಗಿ ಕೇಳಿಸತೊಡಗಿತು. "ಏನು ನೋಡಿದೆ" ಎಂದಲ್ಲ. "ಬೂಟು ಕಂಡ್ತಾ? ಹಂಗಾದ್ರೆ ರೈಟರ್ ತಾನೆ ಮಗಾ?" ಇದು ನಿಜವಾದ ನೆನಪೋ, ಅಮ್ಮನ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ. ಒಮ್ಮೆ ತಪ್ಪು ಸಾಕ್ಷಿ ಹೇಳಿದವಳು ಎರಡನೇ ಸಲವೂ ಹೇಳಬಹುದು, ಈ ಸಲ ಚಿಕ್ಕಪ್ಪನ ವಿರುದ್ಧ.

ರೈಟರ್ ಅವರನ್ನು ಆಮೇಲೆ ಒಂದೇ ಸಲ ಕಂಡೆ. ನಾನು ಕೆಲಸಕ್ಕೆ ಸೇರಿದ ಹೊಸದು, ಆಲೂರು ಬಸ್ ನಿಲ್ದಾಣದಲ್ಲಿ. ತಲೆ ನೆರೆತಿತ್ತು. "ಸಣ್ಣಮ್ಮಾವ್ರಲ್ವಾ? ಎಷ್ಟು ದೊಡ್ಡೋರಾಗ್ಬುಟ್ಟಿದೀರಿ" ಎಂದರು. ಹಾಸನದಲ್ಲಿ ಮಗಳ ಮನೆಯಲ್ಲಿದ್ದೇನೆ ಎಂದರು. ಕಳ್ಳನ ಜೊತೆ ಮಾತಾಡುವ ಮುಜುಗರದಿಂದ ನಾನು ಬಸ್ಸಿನ ಬೋರ್ಡು ಓದುವವಳಂತೆ ಆ ಕಡೆ ತಿರುಗಿದೆ. ಅವರು ಸ್ವಲ್ಪ ಹೊತ್ತು ನಿಂತು ಹೋದರು. ಇದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಜನವರಿಯಲ್ಲಿ ಕುಂದೂರಿಗೆ ಹೋದೆ. ಚಿಕ್ಕಪ್ಪ ಕಣದಲ್ಲಿ ಕಾಫಿ ಹರವಿಸಿದ್ದರು. ಟೋಪಿ ಹಾಕಿಕೊಂಡು, ಮರದ ಹಲ್ಲಿನ ಕೋಲಿನಿಂದ ತಾವೇ ಎಳೆಯುತ್ತಿದ್ದರು. ಆಳುಗಳು ಊಟಕ್ಕೆ ಹೋಗಿದ್ದರು.

"ಬಾ ಬಾ. ಸರ್ಕಾರಿ ಗಿಟಾರ್ ತರ್ಲಿಲ್ವಾ?"

"ಇಲ್ಲ. ಹದಿನಾಲ್ಕನೇ ಮನೇಲಿ ಒದರುತ್ತೆ ಅದು."

ನಾನು ಬೇಕೆಂದೇ ಆ ಪದ ಬಳಸಿ ಅವರ ಮುಖ ನೋಡಿದೆ. "ಒದ್ರೇ ಒದರ್ತೈತೆ, ಹಳೇದಲ್ವಾ" ಎಂದು ಕೋಲು ಎಳೆದರು. ಮನೆ ಎಂದರೇನು ಎಂದು ಕೇಳಲಿಲ್ಲ.

ದಾರಿಯುದ್ದಕ್ಕೂ ಬೇರೆ ಪ್ರಶ್ನೆಗಳನ್ನು ಸಿದ್ಧ ಮಾಡಿಕೊಂಡಿದ್ದೆ. ತುಂಡು ತೆಗೆದುಕೊಂಡು ಹೋದದ್ದು ನೀವಾ, ಉಳಿದ ಮರ ಏನಾಯಿತು, ಆ ಗುಂಡಿ ನಿಮ್ಮ ಅಂಗಿಯದಾ. ಅವರ ಮುಂದೆ ನಿಂತಾಗ ಅವೆಲ್ಲ ಅಷ್ಟು ದೊಡ್ಡವೆನಿಸಲಿಲ್ಲ. ಆಗ ಮೂವತ್ತೈದರ, ಹಾಡಿನ ಹುಚ್ಚಿನ ಮನುಷ್ಯ ಸ್ನೇಹಿತನ ವಾದ್ಯಕ್ಕೆಂದು ಒಂದು ತುಂಡು ಮರ ಕದ್ದಿದ್ದರೆ ಅದನ್ನು ನಾನು ಹೇಗೋ ಕ್ಷಮಿಸಬಲ್ಲೆ. ನನಗೆ ತಿಳಿಯಬೇಕಾದದ್ದು ಬೇರೆ. ಅದು ತಿಳಿದರೆ ಹಾಸನಕ್ಕೆ ಹೋಗಿ, ರೈಟರ್ ಇನ್ನೂ ಇದ್ದರೆ, ಅವರ ಮಗಳ ಮನೆ ಹುಡುಕಿ, ಸರಿಯಾಗಿ ನೋಡಿರಲಿಲ್ಲ ಎಂದು ಹೇಳಬೇಕು. ತಿಳಿಯದಿದ್ದರೂ ಹೋಗಬೇಕು ಎಂದು ಕೆಲವು ದಿನ ಅನಿಸುತ್ತದೆ. ಆದರೆ ಹೋಗಿ ಏನು ಹೇಳಲಿ, ನಾನೇ ಹೇಳಿದೆ ಎಂದೋ, ನನ್ನ ಬಾಯಿಂದ ಹೇಳಿಸಿದರು ಎಂದೋ?

ಹಾಗಾಗಿ ಒಂದನ್ನೇ ಕೇಳಿದೆ. ಚಿಕ್ಕಪ್ಪ ಕೋಲು ನಿಲ್ಲಿಸಿದರು. ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಮೋಡ ಆಗ್ತೈತೆ, ಆ ಕಡೆ ಟಾರ್ಪಾಲ್ ಹಿಡ್ಕ ಮಗಾ" ಎಂದರು. ಮೇಲೆ ನೋಡಿದೆ, ಮೋಡ ಇತ್ತೋ ಇಲ್ಲವೋ ಈಗ ಖಚಿತವಾಗಿ ಹೇಳಲಾರೆ. ಇಬ್ಬರೂ ಒಂದೊಂದು ತುದಿ ಹಿಡಿದು ಕಾಫಿಯ ಮೇಲೆ ಹೊದಿಸಿ, ಅಂಚಿಗೆ ಕಲ್ಲು ಇಟ್ಟೆವು. ಊಟ ಮಾಡಿಕೊಂಡೇ ಹೋಗು ಎಂದರು, ಮಾಡಿದೆ. ಆಮೇಲೆ ಮೂರು ಸಲ ಫೋನ್ ಮಾಡಿದ್ದಾರೆ: ಮೆಣಸಿನ ರೇಟು, ಅಮ್ಮನ ಮಂಡಿನೋವು, ಯಾರದೋ ಮದುವೆ. 

ಕಣದಲ್ಲಿ ನಾನು ಕೇಳಿದ್ದು ಇಷ್ಟು: "ಚಿಕ್ಕಪ್ಪ, ಅವತ್ತು ಹಜಾರದಲ್ಲಿ ರೈಟರ್ ಅನ್ನೋ ಮಾತನ್ನ ಮೊದಲು ಹೇಳಿದ್ದು ನಾನಾ, ನೀವಾ?"